ರಂಜಕ ಮಾಗುವ ತನಕ

ರಂಜಕ ಕುಟ್ಟುವುದು ಸೌಮ್ಯ ಸ್ವಭಾವದ ಹೆಂಗಸರ ಕೆಲಸವಲ್ಲ. ಹಣ್ಣಾದ ಕೆಂಪು ಮೆಣಸಿನಕಾಯಿಯನ್ನು ತೊಳೆದು, ನೆರಳಿನಲ್ಲಿ ಬಟ್ಟೆಯ ಮೇಲೆ ಹರವಿ, ಹನಿ ನೀರೂ ಉಳಿಯದಂತೆ ಒರೆಸಿ, ತೊಟ್ಟು ಮುರಿದು ಕಲ್ಲಿನ ಒರಳಿಗೆ ಸುರಿಯಬೇಕು. ಮೇಲೆ ಕಲ್ಲುಪ್ಪು, ಹುರಿದ ಮೆಂತ್ಯ, ಇಂಗು. ಆಮೇಲೆ ಒನಕೆ. ಮೊದಲ ಪೆಟ್ಟಿಗೆ ಬೀಜ ಸಿಡಿದು ಕಣ್ಣಿಗೆ ಬಡಿಯುತ್ತದೆ, ಎರಡನೆಯದಕ್ಕೆ ಘಾಟು ನೆತ್ತಿಗೇರುತ್ತದೆ. ಅಂಗೈಗೆ ಎಷ್ಟು ಔಡಲೆಣ್ಣೆ ಸವರಿಕೊಂಡರೂ ಸಂಜೆಯ ಹೊತ್ತಿಗೆ ಬೆರಳುಗಳು ಕೆಂಡ ಹಿಡಿದಂತೆ ಉರಿಯುತ್ತವೆ. ಯಾರ ಮೇಲಾದರೂ ಸಿಟ್ಟಿದ್ದರೆ ಮಾತ್ರ ಈ ಕೆಲಸ ಸಾಗುತ್ತದೆ. ದೇವರ ದಯೆಯಿಂದ ನನಗೆ ಸಿಟ್ಟಿಗೆ ಎಂದೂ ಬರಗಾಲ ಬಂದಿಲ್ಲ.

ನಾನು ಹುಟ್ಟಿದ್ದು ಬೆಳಗಾವಿಯ ವಡಗಾವಿಯಲ್ಲಿ, ನೇಕಾರರ ಓಣಿಯಲ್ಲಿ. ಅಲ್ಲಿ ಮಗ್ಗದ ಸಪ್ಪಳದ ಮೇಲೆ ಮಾತು ಕೇಳಿಸಬೇಕಾದರೆ ಒದರಲೇಬೇಕು. ಮೆಲ್ಲಗೆ ಮಾತಾಡುವ ವಿದ್ಯೆ ನನಗೆ ಬರಲೇ ಇಲ್ಲ. "ಈಕಿನ್ನ ಯಾರ ಮನಿಗೆ ಕೊಟ್ರೂ ಆರು ತಿಂಗಳದಾಗ ತಿರುಗಿ ಕಳಸ್ತಾರ ನೋಡ್ರಿ," ಎಂದು ಅವ್ವ ಓಣಿಯ ಹೆಂಗಸರ ಮುಂದೆ ಅನ್ನುತ್ತಿದ್ದಳು. ಕೊಟ್ಟದ್ದು ಖಾನಾಪುರಕ್ಕೆ, ನಮ್ಮ ಹಾಗೆಯೇ ಲಿಂಗ ಕಟ್ಟಿದ ಒಂದು ಅಕ್ಕಿ ವ್ಯಾಪಾರದ ಮನೆಗೆ. ತಿರುಗಿ ಯಾರೂ ಕಳಿಸಲಿಲ್ಲ. ಆ ಮನೆಯಲ್ಲಿ ನನ್ನ ಬಾಯಿಗಿಂತ ದೊಡ್ಡ ತೊಂದರೆ ಮೊದಲೇ ಇತ್ತು.

ಮುಂದೆ ಅಂಗಡಿ, ಹಿಂದೆ ಮನೆ. ಮಾವ ಇನ್‌ಫ್ಲುಯೆಂಜಾ ಜ್ವರ ಬಂದ ವರ್ಷವೇ ತೀರಿಕೊಂಡಿದ್ದ. ನಾನು ಸೊಸೆಯಾಗಿ ಬಂದದ್ದು ಅದಾಗಿ ನಾಲ್ಕೈದು ವರ್ಷಕ್ಕೆ. ಮನೆಯಲ್ಲಿ ಅತ್ತೆ, ಅವಳ ಇಬ್ಬರು ಗಂಡುಮಕ್ಕಳು, ನಾವಿಬ್ಬರು ಸೊಸೆಯಂದಿರು. ಅತ್ತೆಗೆ ಮುಂದಿನ ಎರಡು ಹಲ್ಲು ಇರಲಿಲ್ಲ. ಬಂದ ಹೊಸದರಲ್ಲಿ, ಬಾಯಿ ಸುಮ್ಮನಿರದೆ, ಎಲ್ಲಿ ಹೋದುವು ಎಂದು ಕೇಳಿದೆ. "ನಿಮ್ಮ ಮಾವನ ಕೈಯಾಗ ಹ್ವಾದೂ," ಅಂದಳು. ತಂಬಿಗೆ ಎಲ್ಲಿ ಎಂದು ಕೇಳಿದರೆ ಹೇಳುವ ಹಾಗೆಯೇ ಹೇಳಿದಳು.

ಆ ಕೈ ಮಾವನ ಸಂಗಡ ಸ್ಮಶಾನಕ್ಕೆ ಹೋಗಿರಲಿಲ್ಲ. ಹಿರಿಯ ಮಗನಿಗೆ, ಅಂದರೆ ನನ್ನ ಭಾವನಿಗೆ, ಬಂದಿತ್ತು. ಭಾವನಿಗೆ ಬಹುವಚನ ಹಚ್ಚಿ ಬರೆಯುವುದು ಮರ್ಯಾದೆ, ನಾನು ಹಚ್ಚುವುದಿಲ್ಲ. ನೋಡಲು ಸಣ್ಣ ಆಳು. ಅಂಗಡಿಯಲ್ಲಿ "ಬರ್ರಿ, ಕುಂದರ್ರಿ" ಎಂದು ಬಾಯಿ ತುಂಬ ಬೆಲ್ಲ. ಮರಾಠಿ ಗಿರಾಕಿಗೆ ಮರಾಠಿ, ಕನ್ನಡದವರಿಗೆ ಕನ್ನಡ. ಮನೆಯ ಹೊಸ್ತಿಲು ದಾಟಿದ ಮೇಲೆ ಎರಡೂ ಭಾಷೆ ಮುಗಿದು ಕೈ ಮಾತಾಡುತ್ತಿತ್ತು. ರೊಟ್ಟಿ ತಣ್ಣಗಾದರೆ ಏಟು, ಬಿಸಿ ಇದ್ದು ನಾಲಗೆ ಸುಟ್ಟರೆ ಏಟು, ಬೆಳಗಾವಿಯ ಪೇಟೆಯಲ್ಲಿ ಅಕ್ಕಿಯ ದರ ಇಳಿದರೆ ಏಟು. ಎಲ್ಲವೂ ಬೀಳುತ್ತಿದ್ದುದು ನನ್ನ ನೆಗೆಣ್ಣಿಯ ಮೇಲೆ, ಅವನ ಹೆಂಡತಿಯ ಮೇಲೆ. ಅವಳೂ ವಡಗಾವಿಯವಳೇ, ನಮ್ಮ ಓಣಿಯಿಂದ ಎರಡು ಓಣಿ ಆಚೆಯವಳು. ನಾನು ಅವಳನ್ನು ಅಕ್ಕಾ ಎನ್ನುತ್ತಿದ್ದೆ.

ನನಗೆ ಮಾತ್ರ ಅವನು ಹೊಡೆಯುವಂತಿರಲಿಲ್ಲ. ತಮ್ಮನ ಹೆಂಡತಿಯನ್ನು ಭಾವನಾದವನು ಬೆರಳಿನಿಂದಲೂ ಮುಟ್ಟಬಾರದು, ಎದುರಿಗೆ ನಿಂತು ಮಾತಾಡಿಸಬಾರದು. ಇದು ನಮ್ಮ ಕಡೆಯ ರೀತಿ, ಅದನ್ನು ಅವನು ಮೀರುತ್ತಿರಲಿಲ್ಲ. ಜನರೆದುರು ಮರ್ಯಾದೆಯ ಮನುಷ್ಯ ನೋಡಿ.

ಬಂದ ಮೊದಲ ವರ್ಷವೇ ನಾನು ಕಂಡದ್ದನ್ನು ಹೇಳುತ್ತೇನೆ. ಒಂದು ಬೆಳಿಗ್ಗೆ ಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು. ಅವನು ಎದ್ದು, ಅಗ್ಗಿಷ್ಟಿಗೆಯ ಕೆಂಡದ ಮೇಲೆ ಒಂದು ಹಿಡಿ ಒಣಮೆಣಸಿನಕಾಯಿ ಚೆಲ್ಲಿದ. ಅಕ್ಕನ ಕುತ್ತಿಗೆ ಹಿಡಿದು ಮುಖವನ್ನು ಅದರ ಮೇಲೆ ಬಗ್ಗಿಸಿದ. ತಲೆಯ ಮೇಲೆ ಗೋಣಿಚೀಲ ಹೊಚ್ಚಿದ. ಚೀಲದೊಳಗಿಂದ ಬಂದ ಸದ್ದು ಕೆಮ್ಮೂ ಅಲ್ಲ, ಅಳುವೂ ಅಲ್ಲ. ಕಾಲು ಎರಡೂ ನೆಲವನ್ನು ಕೆರೆಯುತ್ತಿದ್ದವು. ನಾನು ಓಡಿಬಂದು ಅಗ್ಗಿಷ್ಟಿಗೆಯನ್ನು ಒದ್ದೆ. ಕೆಂಡ ಅಡಿಗೆಮನೆಯ ತುಂಬ ಉರುಳಿತು. ನನ್ನ ಕಾಲಿನ ಹೆಬ್ಬೆರಳ ಉಗುರು ಸುಟ್ಟುಹೋಯಿತು. ಅವನು ನನ್ನ ಕಡೆ ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನ ಗಂಡನಿಗೆ, "ತಮ್ಮಾ, ನಿನ್ನ ಹೇಂತಿನ್ನ ಒಳಗ ಕರಕೊಂಡ ಹೋಗು," ಅಂದ.

ನನ್ನ ಗಂಡ ಅಣ್ಣನ ಮಾತು ಮೀರುವವನಲ್ಲ. ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಕೋಣೆಯಲ್ಲಿ ಹಾಕಿ ಚಿಲಕ ಹಾಕಿದ. ನಾನು ಅವನ ಮುಂಗೈ ಕಚ್ಚಿದೆ, ರಕ್ತ ಬರುವ ಹಾಗೆ ಕಚ್ಚಿದೆ. ಪಾಪ, ಕೈ ಬಿಡಿಸಿಕೊಳ್ಳಲಿಲ್ಲ. "ಕಚ್ಚು, ಆದ್ರ ಒದರಬ್ಯಾಡ," ಅಂದ. ಅಷ್ಟು ಹೊತ್ತೂ ಅತ್ತೆ ಹೊಸ್ತಿಲಲ್ಲಿ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. ನನಗೆ ಭಾವನಿಗಿಂತ ಅವಳ ಮೇಲೆಯೇ ಹೆಚ್ಚು ಸಿಟ್ಟು ಬಂತು. ಹೆಣ್ಣಾಗಿ ಹುಟ್ಟಿ, ತಾನೂ ಹಲ್ಲು ಉದುರಿಸಿಕೊಂಡು, ಕಲ್ಲಿನ ಹಾಗೆ ಕುಳಿತಿದ್ದಾಳಲ್ಲ ಎಂದು ಹೊಟ್ಟೆ ಉರಿದುಹೋಯಿತು.

ಅಕ್ಕ ಎರಡು ಸಲ ಬಸುರಾಗಿದ್ದಳು. ಮೊದಲನೆಯದು ನಾನು ಬರುವ ಮುಂಚೆ, ಸೊಂಟಕ್ಕೆ ಬಿದ್ದ ಒದೆತಕ್ಕೆ ಹೋಯಿತು. ಎರಡನೆಯದು ನನ್ನ ಕಣ್ಣೆದುರಿಗೇ. ಹಿತ್ತಿಲ ಮೆಟ್ಟಿಲ ಮೇಲಿಂದ ದಬ್ಬಿದ. ಸಂಜೆ ನಾನೇ ಹಿತ್ತಿಲಿಗೆ ನೀರು ಸುರಿದು ತೊಳೆದೆ. ಬಾಜು ಮನೆಯ ಮುದುಕಿಯೊಬ್ಬಳು ಗೋಡೆಯಾಚೆಯಿಂದ, "ಗಂಡ ಹೇಂತಿ ಜಗಳ ಉಂಡು ಮಲಗೂ ತನಕ, ತಂಗಿ," ಅಂದಳು. ಆ ಮಾತು ಕಟ್ಟಿದವನ ಬಾಯಿಗೆ ಮಣ್ಣು ಬೀಳಲಿ. ಇಲ್ಲಿ ಉಂಡು ಮಲಗಬೇಕಾದ ಕೂಸೇ ಉಳಿದಿರಲಿಲ್ಲ.

ಹೀಗಿದ್ದ ಮನೆಯಲ್ಲಿ ವರ್ಷಕ್ಕೊಮ್ಮೆ ಮಾತ್ರ ಕೆಲವು ದಿನ ಸದ್ದಡಗುತ್ತಿತ್ತು. ರಂಜಕದ ದಿನಗಳು ಅವು. ಕುಟ್ಟಿದ ರಂಜಕವನ್ನು ಚೀನಿ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಅಡಿಗೆಮನೆಯ ಮೂಲೆಯಲ್ಲಿ ಮಾಗಲು ಇಡುತ್ತಿದ್ದರು. ಅದು ಮಾಗಿ ಹುಳಿ ಬರುವ ತನಕ ಆ ಮನೆಯಲ್ಲಿ ಯಾರೂ ಯಾರ ಮೇಲೂ ಕೈ ಎತ್ತುವಂತಿರಲಿಲ್ಲ. ಎತ್ತಿದರೆ ಭರಣಿಯಲ್ಲಿ ಬೂಸು, ಅಂದರೆ ಬಿಳಿ ಬೂಷ್ಟು, ಬರುತ್ತದೆ, ಬೂಸು ಬಂದ ವರ್ಷ ಮನೆಯ ವ್ಯಾಪಾರ ಮುಳುಗುತ್ತದೆ. ನಡುವೆ ಅತ್ತೆ ಬಟ್ಟೆಯ ಅಂಚು ಸರಿಸಿ, ಕಿರುಬೆರಳು ಅದ್ದಿ ರುಚಿ ನೋಡುವಳು. ಅವಳು ಬಾಯಿ ಬಿಟ್ಟು "ಆತು" ಅಂದರೆ ಮಾತ್ರ ಭರಣಿ ಬಿಚ್ಚಿದಂತೆ. ಅಲ್ಲಿಯ ತನಕ ಕಟ್ಟು ಕಟ್ಟೇ.

ನಮ್ಮ ವಡಗಾವಿಯಲ್ಲಿ ಇಂಥ ಪದ್ಧತಿ ಇರಲಿಲ್ಲ. ಖಾನಾಪುರದ ಬೇರೆ ಮನೆಗಳಲ್ಲಿ ಇತ್ತೋ ಇಲ್ಲವೋ ನಾನು ಕೇಳಲೂ ಹೋಗಲಿಲ್ಲ. ಸಿಕ್ಕ ಒಳ್ಳೆಯದನ್ನು ಕೆದಕಿ ನೋಡುವಷ್ಟು ದಡ್ಡಿ ನಾನಲ್ಲ. ಭಾವ ಇದನ್ನು ಖರೇ ಎಂದು ನಂಬಿದ್ದ. ಒಂದು ವರ್ಷ ಭರಣಿ ಮೂಲೆಯಲ್ಲಿದ್ದಾಗಲೇ ಅಕ್ಕನ ಕಪಾಳಕ್ಕೆ ಹೊಡೆದಿದ್ದನಂತೆ, ಬೂಸು ಬಂದಿತ್ತಂತೆ, ಆ ಮಳೆಗಾಲದಲ್ಲಿ ಕೋಣೆ ಸೋರಿ ಅಕ್ಕಿಯ ಚೀಲಗಳು ಮೊಳಕೆಯೊಡೆದು ನಾರಿದ್ದವಂತೆ. ಹೆಂಡತಿಯ ಮೈಗಿಂತ ಅಕ್ಕಿಯ ಚೀಲ ಅವನಿಗೆ ಹತ್ತಿರದ್ದು.

ನಾನು ಬಂದ ಮೂರನೆಯ ವರ್ಷ, ಸಂಕ್ರಾಂತಿ ಮುಗಿದ ಮೇಲೆ, ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಅಕ್ಕ ನನ್ನ ಕೈ ಎಳೆದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ಮೂರನೇದು," ಅಂದಳು. "ಇದೂ ಹೋದ್ರ ನಾ ಬಾವಿ ಬೀಳತೀನಿ, ತಂಗಿ. ಸುಳ್ಳ ಹೇಳಾಕತ್ತಿಲ್ಲ."

ನಾನು ಅವಳಿಗೆ ಬೈದೆ. ಬಾವಿ ಬೀಳುವುದಾದರೆ ಅವನನ್ನು ದಬ್ಬಿ ಬೀಳು ಅಂದೆ. ದಾರಿ ಒಂದೇ ಇತ್ತು. ಏಳನೆಯ ತಿಂಗಳಲ್ಲಿ ಕುಬಸ ಆಗುತ್ತದೆ. ತವರಿನವರು ಹಸಿರು ಸೀರೆ, ಹಸಿರು ಬಳೆ ತಂದು, ಉಡಿ ತುಂಬಿ, ಮಗಳನ್ನು ಹೆರಿಗೆಗೆ ಕರೆದುಕೊಂಡು ಹೋಗುತ್ತಾರೆ. ಅದಕ್ಕಿಂತ ಮುಂಚೆ ಕಳಿಸೆಂದರೆ ಭಾವ ಕಳಿಸುವವನಲ್ಲ. ಎರಡನೆಯ ಬಸುರಿನ ಸಲ ಅವಳ ಅಪ್ಪ ಮಗ್ಗ ನಿಲ್ಲಿಸಿ ಬಂದು ಕೈ ಮುಗಿದು ಕೇಳಿದ್ದ. "ಕುಬಸ ಇಲ್ಲದ ಬಸರಿನ್ನ ಕಳಸಿದ್ರ ಮಂದಿ ಏನಂದಾರು?" ಎಂದು ಭಾವ ಅವನನ್ನು ಬಾಗಿಲಿನಿಂದಲೇ ತಿರುಗಿಸಿದ್ದ. ಕುಬಸ ಬರುವುದು ಯುಗಾದಿ ದಾಟಿದ ಮೇಲೆ. ಅಲ್ಲಿಯ ತನಕ ಅವಳ ಮೈಮೇಲೆ ಏಟು ಬೀಳಬಾರದು.

"ರಂಜಕ ಎಷ್ಟ ದಿನ ಮಾಗತೈತಿ?" ಎಂದು ಕೇಳಿದೆ.

"ಹದಿನೈದು ದಿನ. ಭಾಳ ಅಂದ್ರ ಇಪ್ಪತ್ತು."

"ಹಂಗಾರ ಒಂದು ಭರಣಿ ಸಾಲೂದಿಲ್ಲ," ಅಂದೆ.

ಖಾನಾಪುರ ಭತ್ತದ ನಾಡು, ಅಲ್ಲಿ ಮೆಣಸಿನಕಾಯಿ ಬೆಳೆಯುವುದಿಲ್ಲ. ನನ್ನ ಗಂಡ ಬೆಳಗಾವಿಗೆ ಹೋದಾಗ ಪೇಟೆಯಿಂದ ತರಬೇಕು. ಒಂದು ಚೀಲದ ಬದಲು ಎರಡು ತಾ ಎಂದು ಹೇಳಿದೆ. ಯಾಕೆ ಎಂದ. "ನಿನ್ನ ಅಣ್ಣನ ಕೈ ಕಟ್ಟಾಕ," ಅಂದೆ. ಅವನು ಮುಂಗೈ ಮೇಲಿನ ಹಳೆಯ ಕಲೆ ಸವರಿಕೊಂಡು ಹೊರಟ. ರೈಲಿನಿಂದ ಇಳಿಸಿದ ಚೀಲ ಎರಡೂ ಕೆಂಪಗೆ ಉಬ್ಬಿಕೊಂಡಿದ್ದವು. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಸಂಕೇಶ್ವರದ್ದು.

ಮೊದಲ ದಿನ ಕುಟ್ಟಿದ್ದು ನನಗೆ ಇನ್ನೂ ಮೈಯಲ್ಲಿದೆ. ಅಕ್ಕನಿಗೆ ಒನಕೆ ಕೊಡಲಿಲ್ಲ, ತೊಟ್ಟು ಮುರಿಯಲು ಕೂರಿಸಿದೆ. ಅತ್ತೆ ಒಂದು ಒನಕೆ, ನಾನು ಒಂದು. ಒಂದೇ ಒರಳಿಗೆ ಒಬ್ಬರಾದ ಮೇಲೆ ಒಬ್ಬರು ಹಾಕಬೇಕು, ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತದೆ. ನಾನು ಪ್ರತಿ ಪೆಟ್ಟಿಗೂ ಮನಸ್ಸಿನಲ್ಲಿ ಅವನ ಒಂದೊಂದು ಎಲುಬು ಲೆಕ್ಕ ಹಿಡಿದು ಹಾಕಿದೆ. ಮೊಣಕಾಲು, ಮೊಣಕೈ, ಪಕ್ಕೆ, ದವಡೆ. ಕೆಂಪು ನೀರು ಸಿಡಿದು ನಮ್ಮಿಬ್ಬರ ಸೀರೆ, ಮುಖ, ಗೋಡೆ ಎಲ್ಲ ಕಲೆಯಾಯಿತು. ಹೊರಗಿನವರು ಬಂದು ನೋಡಿದ್ದರೆ ಕುರಿ ಕಡಿದಿದ್ದಾರೆ ಅನ್ನುತ್ತಿದ್ದರು, ನಮ್ಮಂಥ ಲಿಂಗವಂತರ ಮನೆಯಲ್ಲಿ. ಅತ್ತೆಯ ಕೈ ಮುದುಕಿಯದಾದರೂ ಪೆಟ್ಟು ಭಾರವಾಗಿ ಬೀಳುತ್ತಿತ್ತು. ಅವಳೂ ಯಾರದೋ ಎಲುಬು ಎಣಿಸುತ್ತಿದ್ದಾಳೆ ಎಂದು ನನಗೆ ಆಗ ಹೊಳೆಯಲಿಲ್ಲ.

ಭರಣಿ ಕಟ್ಟಿದ್ದೇ ತಡ, ಮನೆಯ ಮೇಲೆ ಮುಚ್ಚಳ ಹಾಕಿದಂತಾಯಿತು. ಭಾವ ಸಿಟ್ಟು ಬಂದಾಗಲೆಲ್ಲ ಮೂಲೆಯ ಕಡೆ ನೋಡಿ ಹಲ್ಲು ಕಡಿಯುವನು. ಒಂದು ದಿನ ಕೈ ಮೇಲೆ ಹೋಗಿಯೇ ಬಿಟ್ಟಿತ್ತು, ಭರಣಿ ಕಂಡು ಅದೇ ಕೈಯಿಂದ ತನ್ನ ತೊಡೆಗೆ ಹೊಡೆದುಕೊಂಡ. ನನಗೆ ನಗೆ ಬಂತು. ಅಕ್ಕ ನನ್ನ ಕಾಲು ತುಳಿದಳು.

ಮೊದಲ ಭರಣಿ "ಆತು" ಎಂದ ದಿನವೇ ಎರಡನೆಯದನ್ನು ಕಟ್ಟಿದೆವು. ಬೀಗರ ಮನೆಗೆ ಕಳಿಸಬೇಕು, ಬೇಸಿಗೆಯಲ್ಲಿ ಮದುವೆಗಳಿವೆ ಎಂದೆಲ್ಲ ನಾನು ಅತ್ತೆಗೆ ಕಥೆ ಹೇಳಿದೆ. ಅವಳು ಒಂದೂ ಪ್ರಶ್ನೆ ಕೇಳಲಿಲ್ಲ. "ಒಳ್ಳ ತೊಳಿ," ಅಂದಳು, ಒರಳು ತೊಳೆ ಎಂದು, ಅಷ್ಟೇ. ಮುದುಕಿಗೆ ಬುದ್ಧಿ ಮಂದವಾಗಿದೆ ಎಂದುಕೊಂಡೆ.

ಆದರೆ ಕಟ್ಟಿದ ಸಿಟ್ಟು ಎಲ್ಲಿಯಾದರೂ ಹೊರಬೀಳಬೇಕಲ್ಲ, ಭರಣಿಯ ಕಟ್ಟು ಮನೆಯ ಹೊಸ್ತಿಲ ಒಳಗಿನವರಿಗೆ ಮಾತ್ರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುವ ಗಾದೆ ಇದೆ. ಭಾವ ಗಾಡಿಯ ಎತ್ತನ್ನು ಬಾರುಕೋಲಿನಿಂದ ಎಷ್ಟು ಹೊಡೆದನೆಂದರೆ ಅದರ ಒಂದು ಕಣ್ಣು ಹೋಯಿತು. ಶಿವರಾತ್ರಿ ಕಳೆದ ಮೇಲೆ ಅಂಗಡಿಯ ಹಮಾಲ ಒಂದು ಚೀಲ ಕೆಳಗೆ ಬಿಟ್ಟ. ಅಕ್ಕಿ ಚೆಲ್ಲಿತು. ಭಾವ ತಕ್ಕಡಿಯ ಕಬ್ಬಿಣದ ಕೋಲನ್ನು ಕಳಚಿ ಅವನ ತಲೆಗೆ ಬೀಸಿದ. ಚೆಲ್ಲಿದ ಅಕ್ಕಿ ಕೆಂಪಾಯಿತು. ಆ ಹಮಾಲನ ಹೆಂಡತಿ, ಮರಾಠಿಯವಳು, ಹಿತ್ತಿಲ ಬಾಗಿಲಿಗೆ ಬಂದು ನೆಲಕ್ಕೆ ಕುಳಿತು, "ಕಾಯ ಕರೂ, ವೈನಿ, ಕಾಯ ಕರೂ," ಏನು ಮಾಡಲಿ ಎಂದು ಎದೆ ಎದೆ ಬಡಿದುಕೊಂಡಳು. ಅಕ್ಕ ಅವಳಿಗೆ ಅರಿಶಿನ ಕೊಟ್ಟಳು, ಹಳೆಯ ಸೀರೆ ಹರಿದು ಪಟ್ಟಿ ಕೊಟ್ಟಳು. ಒಳಗೆ ಬಂದು ನನಗೆ, "ನನ್ನ ಪಾಲಿಂದು ಅವಂಗ ಬಿತ್ತು," ಅಂದಳು. ಅವಳು ಹೇಳಿದ್ದು ಖರೇನೇ ಇತ್ತು, ಆದರೂ ನಾನು ಮೂರನೆಯ ಭರಣಿಗೆ ಮೆಣಸಿನಕಾಯಿ ಒರೆಸುವುದನ್ನು ನಿಲ್ಲಿಸಲಿಲ್ಲ.

ಮೂರನೆಯದು ಕಟ್ಟುವ ಹೊತ್ತಿಗೆ ಪೇಟೆಯಲ್ಲಿ ಹಸಿ ಹಣ್ಣು ಮೆಣಸಿನಕಾಯಿ ಮುಗಿಯುತ್ತ ಬಂದಿತ್ತು. ಸಿಕ್ಕಷ್ಟನ್ನು ಕುಟ್ಟಿ ತುಂಬಿದೆವು. ಬಿಸಿಲು ಏರಿದ್ದರಿಂದ ಅದು ಬೇಗ ಮಾಗಿತು. ಹನ್ನೆರಡು ದಿನಕ್ಕೇ ಬಟ್ಟೆಯ ಕೆಳಗೆ ಗುಳ್ಳೆಯೆದ್ದು, ಹುಳಿಯ ವಾಸನೆ ಅಡಿಗೆಮನೆಯ ತುಂಬ ಹರಡಿತು. ಯುಗಾದಿ ಇನ್ನೂ ಮುಂದಿತ್ತು. ಭಾವ ಮೂಗು ಅರಳಿಸಿ ಒಳಗೆ ಬಂದು, "ಆತೇನವ್ವಾ?" ಅಂದ. ಅತ್ತೆ ಎದ್ದು ಹೋಗಿ, ಬಟ್ಟೆಯ ಅಂಚು ಸರಿಸಿ, ಕಿರುಬೆರಳು ಅದ್ದಿ ಬಾಯಿಗೆ ಇಟ್ಟುಕೊಂಡಳು. ಅಕ್ಕನ ಮುಖದಲ್ಲಿ ರಕ್ತ ಉಳಿದಿರಲಿಲ್ಲ. ನಾನು ಒಲೆಯ ಮುಂದೆ ಕುಳಿತಿದ್ದೆ. ಮುಗಿಯಿತು ಎಂದುಕೊಂಡೆ.

ಅತ್ತೆ ಬಾಯಿ ಚಪ್ಪರಿಸಿದಳು. "ಇನ್ನಾ ಹಸಿ ಐತಿ," ಅಂದಳು. ಬಟ್ಟೆ ಬಿಗಿದು ಕಟ್ಟಿದಳು. ಹೋಗುವಾಗ ನನ್ನ ಕಡೆ ನೋಡಲೂ ಇಲ್ಲ.

ಆಗ ನನಗೆ ತಿಳಿಯಿತು. ಬುದ್ಧಿ ಮಂದವಾಗಿದ್ದದ್ದು ಯಾರದು ಎಂದು ತಿಳಿಯಿತು. ಅವಳಿಗೆ ಮೊದಲಿನಿಂದ ಎಲ್ಲ ಗೊತ್ತಿತ್ತು. ಅಷ್ಟು ದಿನ ಅವಳನ್ನು ಮನಸ್ಸಿನಲ್ಲಿ ಬೈದದ್ದಕ್ಕೆ ನನಗೆ ಅಳು ಬಂತು, ಆದರೆ ಭಾವನ ಎದುರಿಗೆ ಅಳುವುದು ಬೇಡವೆಂದು ಒಲೆ ಊದಿದೆ.

ಯುಗಾದಿ ಆಯಿತು. ಬೇವು ಬೆಲ್ಲ ತಿಂದೆವು. ಕುಬಸಕ್ಕೆ ಸೋಮವಾರ ಎಂದು ನಿಶ್ಚಯವಾಗಿ ವಡಗಾವಿಗೆ ಸುದ್ದಿ ಹೋಯಿತು. ಅಕ್ಕನ ಹೊಟ್ಟೆ ಸೀರೆಯ ಮೇಲಿಂದಲೇ ಕಾಣುವಷ್ಟು ಬಂದಿತ್ತು. ಕೂಸು ಒದ್ದಾಗ ನನ್ನನ್ನು ಕರೆದು ತೋರಿಸುತ್ತಿದ್ದಳು. ಇನ್ನು ಮೂರೇ ದಿನ ಉಳಿದಿತ್ತು.

ಶುಕ್ರವಾರ ಮಧ್ಯಾಹ್ನ ಭಾವ ಅಂಗಡಿಯಿಂದ ಉಣ್ಣಲು ಬಂದ. ನನ್ನ ಗಂಡನೂ ಬಾಜುವಿನಲ್ಲಿ ಕುಳಿತಿದ್ದ. ರೊಟ್ಟಿ ಬಡಿಸಿದೆವು. ರಂಜಕ ಎಲ್ಲಿ ಎಂದ. ಹಳೆಯ ಭರಣಿಯದು ಹಿಂದಿನ ದಿನವೇ ತಳ ಕಂಡಿತ್ತು.

"ಮೂಲಿ ಭರಣಿ ಬಿಚ್ಚು."

"ಅದು ಆಗಿಲ್ಲೋ," ಅಂದಳು ಅತ್ತೆ.

"ಮೂರು ವಾರ ಆತು, ಆಗಿಲ್ಲ, ಆಗಿಲ್ಲ ಅಂತೀ. ಅದೇನ ರಂಜಕೋ, ಕಲ್ಲೋ?"

ಎದ್ದ. ಮೂಲೆಗೆ ಹೋಗಿ ಬಟ್ಟೆ ಕಿತ್ತು ಎಸೆದ. ಬಲಗೈಯನ್ನು ಮಣಿಕಟ್ಟಿನ ತನಕ ಒಳಗೆ ಹಾಕಿ ಒಂದು ಮುಷ್ಟಿ ತೆಗೆದು ಬಾಯಿಗೆ ಇಟ್ಟುಕೊಂಡ. ಮುಖ ಮೊದಲು ಕೆಂಪಾಯಿತು, ಆಮೇಲೆ ಕಪ್ಪಾಯಿತು. ಮಾಗಿ ಬಹಳ ದಿನವಾಗಿದೆ ಎಂದು ಹೇಳಲು ನಾಲಗೆ ಇದ್ದ ಯಾರಿಗಾದರೂ ಸಾಧ್ಯವಿತ್ತು. ಅವನು ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದ. ಒಂದಾದ ಮೇಲೆ ಒಂದು ಭರಣಿ ಯಾಕೆ ಎಂಬುದು ಅವನ ತಲೆಯಲ್ಲಿ ಕೂಡಿಬಂದದ್ದು ನನಗೆ ಕಂಡಿತು.

"ಆಗೇತಿ," ಅಂದ. ಹೆಂಡತಿಯ ಕಡೆ ತಿರುಗಿದ. "ನನ್ನ ಕೈ ಕಟ್ಟಿದ್ರೇನ? ಈಗ ಬಿಚ್ಚೇನಿ."

ನಾನು ಅಕ್ಕನ ಮುಂದೆ ಹೋಗಿ ನಿಂತೆ. ಅವನಿಗೆ ನನ್ನನ್ನು ದಬ್ಬಿ ಮುಂದೆ ಹೋಗುವಂತಿರಲಿಲ್ಲ. ಕೈ ಚಾಚಿದ, ಹಿಂದೆ ತೆಗೆದ. "ತಮ್ಮಾ, ನಿನ್ನ ಹೇಂತಿನ್ನ ಎಳಕೋ," ಎಂದು ಒದರಿದ. ನನ್ನ ಗಂಡ ತಾಟಿನ ಮುಂದೆ ಕುಳಿತೇ ಇದ್ದ. ರೊಟ್ಟಿಯ ಚೂರು ಕೈಯಲ್ಲೇ ಇತ್ತು. ಏಳಲಿಲ್ಲ. ಅಣ್ಣ ಎರಡನೆಯ ಸಲ ಒದರಿದರೂ ಏಳಲಿಲ್ಲ. ನನ್ನ ಗಂಡ ಜೀವಮಾನದಲ್ಲಿ ಮಾಡಿದ ಶೌರ್ಯ ಅದೊಂದೇ, ಅದನ್ನೂ ಕುಳಿತುಕೊಂಡೇ ಮಾಡಿದ. ಆದರೂ ನಾನು ಅವನಿಗೆ ಅದನ್ನು ಎಂದೂ ಕಡಿಮೆ ಎಣಿಸಿಲ್ಲ.

ಭಾವ ಒರಳನ್ನು ದಾಟಿ ಬಾಜುವಿನಿಂದ ಬಂದು ಅಕ್ಕನ ಜಡೆ ಹಿಡಿದ. ಎಳೆದ ರಭಸಕ್ಕೆ ಅವಳು ನೆಲಕ್ಕೆ ಬಿದ್ದಳು. ಬಳೆ ಒಡೆದವು. ಕಪಾಳಕ್ಕೆ ಒಂದು ಬಿತ್ತು, ಇನ್ನೊಂದು ಬಿತ್ತು. ಅವಳು ಗೋಡೆಯ ಕಡೆ ಹೊರಳಿ ಹೊಟ್ಟೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡು ಮುದುಡಿದಳು. ನಾನು ಅವನ ಬೆನ್ನಿನ ಮೇಲೆ ಬಿದ್ದು ಅಂಗಿ ಹರಿದೆ, ಮುಟ್ಟಬಾರದೆಂಬ ರೀತಿ ಅವನಿಗೆ ಇದ್ದೀತು, ನನಗಿರಲಿಲ್ಲ. ಝಾಡಿಸಿದ ಹೊಡೆತಕ್ಕೆ ನಾನು ಒಲೆಯ ಕಟ್ಟೆಗೆ ಹೋಗಿ ಬಡಿದೆ. ಅವನು ಬಗ್ಗಿ ಅಕ್ಕನ ಕೈ ಎರಡನ್ನೂ ಹೊಟ್ಟೆಯ ಮೇಲಿಂದ ಕಿತ್ತ. ಬಲಗೈ ಮುಷ್ಟಿ ಕಟ್ಟಿ ಮೇಲೆತ್ತಿದ. ಎಲ್ಲಿ ಹೊಡೆಯುತ್ತಾನೆ ಎಂದು ನಮಗೆಲ್ಲ ಗೊತ್ತಾಯಿತು.

"ತಡಿ," ಅಂದಳು ಅತ್ತೆ.

ಆ ಧ್ವನಿ ಜೋರಾಗಿರಲಿಲ್ಲ. ಅದಕ್ಕೇ ಅವನು ನಿಂತ. ಅವಳು ಮೂಲೆಯಲ್ಲಿ, ಬಿಚ್ಚಿದ ಭರಣಿಯ ಹತ್ತಿರ ನಿಂತಿದ್ದಳು.

"ರಂಜಕ ಆತು ಅಂದಿ?"

"ಆತು."

"ಖರೇ ಆತು?"

"ಆಗಿ ಎಷ್ಟ ದಿನ ಆಗೇತೋ. ನಿನಗ ಗೊತ್ತಿಲ್ಲೇನ?"

"ಗೊತ್ತೈತಿ," ಅಂದಳು. "ಆದ್ರ ಆತು ಅಂತ ಅಂದಾಂವ ನೀನ. ಇನ್ನ ಈ ಮನ್ಯಾಗ ಯಾ ಕೈಗೂ ಕಟ್ಟಿಲ್ಲ. ನನ್ನ ಕೈಗೂ ಇಲ್ಲ."

ಗೋಡೆಗೆ ಆನಿಸಿದ್ದ ಒನಕೆ ಅವಳ ಕೈಯಲ್ಲಿ ಯಾವಾಗ ಬಂತೋ ನಾನು ನೋಡಲಿಲ್ಲ. ತುದಿಗೆ ಕಬ್ಬಿಣದ ಬಳೆ ಹಾಕಿದ ಒನಕೆ ಅದು. ನಾವು ಮೂರು ಭರಣಿ ಕುಟ್ಟಿದ ಅದೇ ಅಳತೆಯಲ್ಲಿ ಎತ್ತಿದಳು, ಎತ್ತಿದ್ದ ಅವನ ಬಲದ ರಟ್ಟೆಯ ಮೇಲೆ ಹಾಕಿದಳು. ಹಸಿ ಕಟ್ಟಿಗೆ ಮುರಿದಂತೆ ಸದ್ದಾಯಿತು. ಅವನು ನಂಬದವನ ಹಾಗೆ ತಾಯಿಯ ಮುಖ ನೋಡಿದ. ಅವಳು ಇನ್ನೊಮ್ಮೆ ಎತ್ತಿ ಅದೇ ಜಾಗಕ್ಕೆ ಹಾಕಿದಳು.

ಬಿದ್ದ. ಎಡಗೈಯಿಂದ ಮುರಿದ ಕೈಯನ್ನು ಹಿಡಿದುಕೊಂಡ. ಆ ಬಲಗೈ ತುಂಬ ರಂಜಕ ಮೆತ್ತಿತ್ತು. ಕಣ್ಣೀರು ಬಂತು, ಅದೇ ಎಡಗೈಯಿಂದ ಕಣ್ಣು ಒರೆಸಿಕೊಂಡ. ಆಮೇಲೆ ಅವನು ಕೂಗಿದ ಕೂಗಿಗೆ ಅಂಗಡಿಯ ಮುಂದಿನ ಜನ ಬಾಗಿಲಿಗೆ ಬಂದರು. ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತಂಪಾಗುವಷ್ಟು ಸಂತೋಷವಾಯಿತು. ನೀರಿನ ಕೊಡ ನನ್ನ ಕೈಯಳತೆಯಲ್ಲೇ ಇತ್ತು, ನಾನು ಮುಟ್ಟಲಿಲ್ಲ. ಅಕ್ಕ ಎದ್ದಳು. ಜಡೆಯ ಅರ್ಧ ಕಿತ್ತುಹೋಗಿತ್ತು, ತುಟಿಯಿಂದ ರಕ್ತ ಸುರಿಯುತ್ತಿತ್ತು. ಹೋಗಿ ತಂಬಿಗೆ ತುಂಬಿ ತಂದು, ಅವನ ತಲೆ ಹಿಡಿದು ಕಣ್ಣಿಗೆ ನೀರು ಹೊಡೆದಳು. ನನಗೆ ಅವಳನ್ನೇ ಎರಡು ಬಾರಿಸಬೇಕು ಎನಿಸುವಷ್ಟು ಸಿಟ್ಟು ಬಂತು. ಕೂಸು ಅಲುಗಾಡುತ್ತದೆಯೋ ಎಂದು ಕೇಳಿದೆ. ಹೂಂ ಎಂದು ಗೋಣು ಹಾಕಿದಳು.

ಒಟ್ಟಿದ ಅಕ್ಕಿಯ ಚೀಲಗಳ ಥಪ್ಪಿಯ ಮೇಲಿಂದ ಬಿದ್ದ ಎಂದು ಜನರಿಗೆ ಹೇಳಿದೆವು. ಎಲುಬು ಕೂಡಿಸುವವನು ಬಂದು ಬಿದಿರಿನ ಪಟ್ಟಿ ಹಚ್ಚಿ ಕಟ್ಟಿದ. ನೋಡಲು ಬಂದವರಲ್ಲಿ ತಲೆಗೆ ಪಟ್ಟಿ ಸುತ್ತಿದ್ದ ಆ ಹಮಾಲನೂ ಇದ್ದ. "ಜಪೂನ ಚಾಲಾವ, ಶೇಠ," ಹುಷಾರಾಗಿ ನಡೆಯಬೇಕು ಎಂದು ಬಹಳ ಮರ್ಯಾದೆಯಿಂದ ಹೇಳಿ ಹೋದ.

ಸೋಮವಾರ ಕುಬಸ ಆಯಿತು. ಊದಿದ ಮುಖಕ್ಕೆ ಅರಿಶಿನ ಹಚ್ಚಿ, ಹಸಿರು ಸೀರೆ ಉಡಿಸಿ, ಅಕ್ಕನನ್ನು ಕೂರಿಸಿದೆವು. ಅವಳ ಅಪ್ಪ ಮಗಳ ತುಟಿ ನೋಡಿದ, ಅಳಿಯನ ಕೈ ನೋಡಿದ, ಏನೂ ಕೇಳಲಿಲ್ಲ. ನಾನು ಸ್ಟೇಷನ್ನಿನ ತನಕ ಹೋಗಿ ರೈಲು ಹತ್ತಿಸಿದೆ. ಟಿಳಕವಾಡಿಯ ಹತ್ತಿರ ಹೊಸ ಮನೆಗಳು ಏಳುತ್ತಿವೆ, ರೈಲು ಅಲ್ಲಿಗೆ ಬಂದರೆ ಊರು ಬಂದಂತೆ, ಅಷ್ಟರ ತನಕ ಹೊಟ್ಟೆ ಹಿಡಿದುಕೊಂಡು ಕುಳಿತುಕೋ ಎಂದು ಹೇಳಿದೆ. ಅವಳು ಕಿಟಕಿಯಿಂದ ನನ್ನ ಕೈ ಬಿಡಲಿಲ್ಲ, ರೈಲೇ ಬಿಡಿಸಿತು.

ಬಿದಿರಿನ ಕಟ್ಟು ಬಿಚ್ಚಿದ ಮೇಲೂ ಭಾವನ ಬಲಗೈ ಎದೆಯಿಂದ ಮೇಲೆ ಏಳಲಿಲ್ಲ. ಬಾಯಿಗೆ ತುತ್ತು ಒಯ್ಯಲು ಆಗುತ್ತಿರಲಿಲ್ಲ, ಎಡಗೈಯಿಂದ ಉಣ್ಣಲು ಅವನು ಒಪ್ಪಲಿಲ್ಲ. ಹೀಗಾಗಿ ದಿನಾಲೂ ಎರಡು ಹೊತ್ತು ಅತ್ತೆಯೇ ಮುಂದೆ ಕುಳಿತು, ರೊಟ್ಟಿ ಮುರಿದು, ಬೇಳೆಯಲ್ಲಿ ಅದ್ದಿ, ಕೂಸಿಗೆ ಉಣಿಸುವಂತೆ ಉಣಿಸುತ್ತಿದ್ದಳು. ಅವನು ಅಳುತ್ತ ತಿನ್ನುತ್ತಿದ್ದ. ಅವಳೂ ಅಳುತ್ತಿದ್ದಳು.

ಮಳೆ ಹಿಡಿದ ಮೇಲೆ ಒಂದು ದಿನ ನನ್ನ ಗಂಡ ಬೆಳಗಾವಿಯಿಂದ ತೊಯ್ದುಕೊಂಡು ಬಂದ. ಅಕ್ಕನಿಗೆ ಹೆಣ್ಣು ಹುಟ್ಟಿತ್ತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಅತ್ತೆ ಆಗ ಭಾವನಿಗೆ ಉಣಿಸುತ್ತಿದ್ದಳು. ಹೆಣ್ಣು ಎಂದು ಕೇಳಿ ಅವನು ಮುಖ ಗೋಡೆಯ ಕಡೆ ತಿರುಗಿಸಿದ. ಅವಳು ತುತ್ತು ಹಿಡಿದ ಕೈಯನ್ನು ಹಾಗೆಯೇ ಚಾಚಿಕೊಂಡು, ಅವನು ತಿರುಗುವ ತನಕ ಕಾದಳು. ತಿರುಗಿದ, ತಿಂದ. ತಾಟು ಎತ್ತಿಕೊಂಡು ಅವಳು ಹಿತ್ತಿಲಿಗೆ ಬಂದಳು. ನಾನು ಕೈಗೆ ನೀರು ಹಾಕಿದೆ.

"ನೀವು ಇಲ್ಲದಿದ್ರ ಆ ಕೂಸು ಉಳೀತಿರಲಿಲ್ಲ, ಅತ್ತೀ," ಅಂದೆ. ಹೊಗಳಬೇಕೆಂದು ಹೇಳಿದ್ದಲ್ಲ, ಖರೇ ಮಾತು ಹೇಳಿದೆ.

ಅವಳು ಬೆರಳುಗಳನ್ನು ಒಂದೊಂದಾಗಿ ತಿಕ್ಕಿ ತೊಳೆಯುತ್ತಿದ್ದಳು.

"ಮದಲನೇ ಕೂಸಿನ ಹೊತ್ತಿಗೇ ಆ ಕೈ ಮುರದಿದ್ರ," ಅಂದಳು, "ಇವತ್ತ ಮೂರೂ ಇರತಿದ್ದೂ."